ಪ್ರತಿ ಮಂಗಳವಾರ ಇತ್ತ ಕ್ಷೇಮ

ನಮ್ಮ ಮನೆಯ ಜಗುಲಿ ಗೋಡೆಯಲ್ಲಿ ಒಂದು ಕಂಬಿ ನೇತಾಡುತ್ತದೆ. ಅದರ ಬುಡದಲ್ಲಿ ಒಂದು ದುಂಡನೆಯ ಮರದ ಬಿಲ್ಲೆ, ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿದ ಮೊನೆ. ಬಂದ ಕಾಗದಗಳನ್ನು ಓದಿ ಮುಗಿಸಿದ ಮೇಲೆ ಅದಕ್ಕೆ ಚುಚ್ಚಿ ಇಡುವುದು ಅಪ್ಪನ ಕಾಲದಿಂದ ಬಂದ ರೂಢಿ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದಿರಬೇಕು. ಗೋಡೆಗೆ ಬಣ್ಣ ಹೊಡೆಸುವಾಗ ಕಿತ್ತು ಬಿಸಾಡಿರುತ್ತೀರಿ, ಅಷ್ಟೇ.

ಮೊನ್ನೆ ಅದರ ಧೂಳು ಕೊಡವುತ್ತಿದ್ದೆ. ಆ ಕಂಬಿಯಲ್ಲಿ ಎಷ್ಟೊಂದು ಮದುವೆಗಳಿವೆ, ಹೆರಿಗೆಗಳಿವೆ, ಎಸ್ಸೆಸ್ಸೆಲ್ಸಿ ಪಾಸಾದವರಿದ್ದಾರೆ, ಫೇಲಾದವರೂ ಇದ್ದಾರೆ. ಸತ್ತವರು ಮಾತ್ರ ಒಬ್ಬರೂ ಇಲ್ಲ. ಸಾವಿನ ಕಾಗದವನ್ನು ಹೊಸಲು ದಾಟಿಸುವ ಹಾಗಿರಲಿಲ್ಲ. ಬೀದಿಯಲ್ಲೇ ನಿಂತು ಓದಿ, ಹರಿದು ಹಾಕಿ, ಕೈಕಾಲು ತೊಳೆದು ಒಳಗೆ ಬರಬೇಕಿತ್ತು. ಹಾಗಾಗಿ ಈ ಕಂಬಿಯೊಂದನ್ನೇ ನೋಡಿದವರು ನಮ್ಮ ವಂಶದಲ್ಲಿ ಯಾರೂ ಸತ್ತೇ ಇಲ್ಲ ಎಂದು ತಿಳಿಯಬೇಕು.

ಇಷ್ಟು ಯೋಚಿಸುತ್ತಿರುವಾಗ ಜೇಬಿನಲ್ಲಿದ್ದ ಅಕ್ಕನ ಫೋನು ಟಿಣ್ ಎಂದಿತು. ಅಕ್ಕನಿಗೆ ಒಂದು ಇ-ಮೇಲ್ ಬಂದಿತ್ತು. ಯಾವುದೋ ಸೀರೆ ಅಂಗಡಿಯವರದು. ‘ತಾಯಮ್ಮ, ನೀವಿಲ್ಲದೆ ನಮಗೆ ತುಂಬಾ ಬೇಜಾರಾಗಿದೆ! ಮರಳಿ ಬನ್ನಿ!’ ಪಕ್ಕದಲ್ಲಿ ಕಣ್ಣೀರು ಸುರಿಸುವ ಒಂದು ಹಳದಿ ಮುಖ.

ಅಕ್ಕ ತೀರಿಕೊಂಡು ಆಗ ಎರಡು ತಿಂಗಳು ಕಳೆದಿತ್ತು. ಮನೆಯವರು ನಾವೇ ಒಂದು ಹಂತಕ್ಕೆ ಅಳು ನಿಲ್ಲಿಸಿ ಕೆಲಸಕ್ಕೆ ಹೋಗತೊಡಗಿದ್ದೆವು. ಸೀರೆ ಅಂಗಡಿಗೆ ಮಾತ್ರ ದುಃಖ ತಡೆಯಲಾಗಿರಲಿಲ್ಲ.

ಇವರ ಕಾಟ ತಪ್ಪಿಸೋಣವೆಂದು ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿದ್ದ ‘ನಿಲ್ಲಿಸಿ’ ಎಂಬುದನ್ನು ಒತ್ತಿದೆ. ಅದು ಬಿಡಬೇಕಲ್ಲ. ‘ಹೋಗುವ ಮುನ್ನ ಕಾರಣ ತಿಳಿಸಿ’ ಎಂದಿತು. ಮೇಲ್ ಹೆಚ್ಚಾಗಿ ಬರುತ್ತಿದೆ, ವಿಷಯ ಇಷ್ಟವಾಗುತ್ತಿಲ್ಲ, ನಾನು ಇದಕ್ಕೆ ಸೇರಿಯೇ ಇರಲಿಲ್ಲ, ಇತರೆ. ಸತ್ತಿದ್ದೇನೆ ಎಂಬ ಕಾರಣವನ್ನು ಯಾರೂ ಯೋಚಿಸಿರಲಿಲ್ಲ. ಅವರ ಲೆಕ್ಕದಲ್ಲಿ ಗಿರಾಕಿ ಬೇಸರಪಡಬಹುದು, ಮುನಿಯಬಹುದು, ಸಾಯುವ ಹಾಗಿಲ್ಲ. ‘ಇತರೆ’ ಎಂಬುದಕ್ಕೆ ಗುರುತು ಹಾಕಿದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಇನ್ನೊಂದು ಮೇಲ್ ಬಂತು.

ಕಾಗದ ಎಂದರೆ ಏನೆಂದು ಗೊತ್ತಿಲ್ಲದವರೇ ಈಗ ದಿನಕ್ಕೆ ಸಾವಿರ ಕಾಗದ ಬರೆಯುತ್ತಾರೆ. ಇದು ನನ್ನ ಸಿಟ್ಟು. ನಾನೇನು ಓದಿದವನಲ್ಲ. ಪಿಯುಸಿಯಲ್ಲಿ ಇಂಗ್ಲಿಷ್ ಹೋಯಿತು, ಟೈಪಿಂಗ್ ಒಂದು ಪಾಸಾಯಿತು. ಅದರ ಮೇಲೆ ಭಾರತೀನಗರದಲ್ಲಿ, ಕಾಲೇಜಿಗೆ ಹೋಗುವ ದಾರಿಯಲ್ಲಿ, ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಬದುಕಿದವನು. ಆದರೆ ಕಾಗದದ ವಿಷಯ ಬಂದರೆ ನಾಲ್ಕು ಮಾತಾಡುವ ಹಕ್ಕು ನನಗಿದೆ, ಏಕೆಂದರೆ ನಾನು ಹುಟ್ಟಿದ್ದೇ ಅಂಚೆ ಕಚೇರಿಯಲ್ಲಿ. ಉತ್ಪ್ರೇಕ್ಷೆಯಲ್ಲ. ಬೆಸಗರಹಳ್ಳಿ ಕಡೆಯ ನಮ್ಮ ಹಳ್ಳಿಗೆ ಅಂಚೆ ಕಚೇರಿ ಅಂತ ಬೇರೆ ಕಟ್ಟಡ ಇರಲಿಲ್ಲ. ನಮ್ಮ ಮನೆಯ ಜಗುಲಿಯೇ ಅದು. ಮೊದಲು ಅಪ್ಪ ಪೋಸ್ಟ್ ಮಾಸ್ಟರು, ಆಮೇಲೆ ಅಕ್ಕ.

ಅಕ್ಕ ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ಮದುವೆಯಾದ ಮೂರನೇ ವರ್ಷಕ್ಕೆ ಭಾವ ಹೋದರು. ಅವಳು ಒಂದು ಟ್ರಂಕು ಹಿಡಿದು ವಾಪಸು ಬಂದಳು, ಅಪ್ಪನ ಮೊಹರು ಕೈಗೆ ತೆಗೆದುಕೊಂಡಳು. ಅಲ್ಲಿಂದಾಚೆ ಅವಳು ಊರಿಗೆಲ್ಲ ಪೋಸ್ಟ್ ತಾಯಮ್ಮ.

ಭಾನುವಾರ ಅಂಚೆ ಇಲ್ಲ. ಸೋಮವಾರ ಮದ್ದೂರಿನಲ್ಲಿ ರಾಶಿ ಬಿದ್ದು, ವಿಂಗಡಣೆಯಾಗಿ, ನಮ್ಮ ಊರಿನ ಚೀಲ ತುಂಬಿಕೊಂಡು ಬರುತ್ತಿದ್ದದ್ದು ಮಂಗಳವಾರದ ಬಸ್ಸಿಗೆ. ಅವತ್ತು ಜಗುಲಿ ತುಂಬ ಜನ. ಓದಲು ಬಾರದವರು ಕೂತುಕೊಳ್ಳುತ್ತಿದ್ದರು, ಬರುವವರೂ ಕೂತುಕೊಳ್ಳುತ್ತಿದ್ದರು. ಬೇರೆಯವರ ಕಾಗದ ಕೇಳುವ ಸುಖ ಯಾರಿಗೆ ಬೇಡ? ಅಕ್ಕ ಗಟ್ಟಿಯಾಗಿ ಓದುತ್ತಿದ್ದಳು. ‘ಇತ್ತ ಕ್ಷೇಮ’ ಎಂದು ಅವಳ ಬಾಯಿಂದ ಬಂದ ಕೂಡಲೇ, ಕಾಗದ ಯಾರದೋ ಅವರ ಹೆಗಲು ಒಂದಿಂಚು ಕೆಳಗಿಳಿಯುತ್ತಿತ್ತು. ಅದನ್ನು ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಆಮೇಲೆ ಎಲೆಅಡಿಕೆ ಬಾಯಿಗೆ ಹೋಗುತ್ತಿತ್ತು. ಮಿಕ್ಕದ್ದನ್ನು ನಿಧಾನವಾಗಿ ಕೇಳಿದರಾಯಿತು.

ಮದುವೆ ಕಾಗದವಾದರೆ ನಾಲ್ಕು ಮೂಲೆಗೂ ಅರಿಸಿನ. ಸಾವಿನ ಕಾರ್ಡಾದರೆ ಒಂದು ಮೂಲೆ ಹರಿದಿರುತ್ತಿತ್ತು, ಒಳಗೆ ‘ಕ್ಷೇಮ’ ಎಂಬ ಶಬ್ದ ಎಲ್ಲೂ ಇರುತ್ತಿರಲಿಲ್ಲ. ಚೀಲ ಸುರುವಿದಾಗ ಮೂಲೆ ಹರಿದ ಕಾರ್ಡು ಕಂಡರೆ ಅಕ್ಕ ಅದನ್ನು ತೊಡೆಯ ಕೆಳಗೆ ಸರಿಸಿಕೊಳ್ಳುತ್ತಿದ್ದಳು. ಯಾರದೆಂದು ನೋಡಿಕೊಂಡು, ಮಾತಿಗೆ ಮಾತು ಬಂದ ಹಾಗೆ ಕೇಳುತ್ತಿದ್ದಳು: “ಉಂಡ್ಯೇನಮ್ಮ?” ಇಲ್ಲ ಎಂದರೆ, “ಓಗಿ ಉಣ್ಕಂಬಾ. ನಿಂದು ಒಂದು ಅದೆ, ಆಮೇಲೆ ಯೋಳ್ತೀನಿ.” ಸಾವಿನ ಸುದ್ದಿ ಸಿಕ್ಕಿದ ಮನೆಯಲ್ಲಿ ಆ ದಿನ ಒಲೆ ಹೊತ್ತುವುದಿಲ್ಲವಲ್ಲ. ಒಂದು ತುತ್ತು ಒಳಗೆ ಹೋಗಿರಲಿ ಎಂಬುದು ಅವಳ ಲೆಕ್ಕ. ಇಲಾಖೆಯ ಯಾವ ಪುಸ್ತಕದಲ್ಲೂ ಈ ನಿಯಮ ಇಲ್ಲ.

ಕೆಲಸದಿಂದ ಬಿಡುಗಡೆಯಾದ ಮೇಲೆ ಅಕ್ಕನಿಗೆ ಮಂಗಳವಾರ ಬಂದರೆ ಕೈ ಕಟ್ಟಿಹಾಕಿದ ಹಾಗೆ. ಊರಿನವರ ಒಂದು ವಾಟ್ಸಾಪ್ ಗುಂಪಿತ್ತು. ಅದಕ್ಕೆ ಸೇರಿಸಿದೆ. ಬೆಳಗಾದರೆ ಗುಲಾಬಿ ಹೂ, ಶನಿವಾರ ಹನುಮಂತ, ಎಲೆಕ್ಷನ್ ಬಂದರೆ ತಾಯಿ ತಂಗಿ ಎಲ್ಲರನ್ನೂ ಎಳೆದು ಬೈಗುಳ. ಹದಿನೈದು ದಿನ ನೋಡಿದಳು. “ಇದು ಕಾಗದ ಅಲ್ಲ ಕಣ್ಲಾ ತಮ್ಮಯ್ಯ, ಸಂತೆ. ತಗ್ದಾಕು ನನ್ನ” ಎಂದಳು. ಆಮೇಲೆ ಅವಳೇ ಒಂದು ದಾರಿ ಹುಡುಕಿದಳು. ಸೋಮವಾರ ಒಂದು ಹಾಳೆಯಲ್ಲಿ ಊರಿನ ಸಮಾಚಾರ ಬರೆಯುವುದು, ನಾನು ಅಂಗಡಿಯಲ್ಲಿ ಟೈಪ್ ಮಾಡಿ ಮಂಗಳವಾರ ಬೆಳಿಗ್ಗೆ ಊರು ಬಿಟ್ಟವರಿಗೆಲ್ಲ ಇ-ಮೇಲ್ ಮಾಡುವುದು. ಕೊಟ್ಟು ಹೋದ ಹೆಣ್ಣುಮಕ್ಕಳು, ವರ್ಗವಾಗಿ ಹೋದ ಮೇಷ್ಟರು, ಹಾಸನದಲ್ಲಿ ನೆಲೆಸಿದ ರಿಟೈರ್ಡ್ ಕಂಡಕ್ಟರ್ ನಿಂಗಣ್ಣ, ಹೀಗೆ ಎಪ್ಪತ್ತು ಚಿಲ್ಲರೆ ಮಂದಿ ಕೂಡಿದರು. ಇದಕ್ಕೆ ಇಂಗ್ಲಿಷಿನಲ್ಲಿ ನ್ಯೂಸ್‌ಲೆಟರ್ ಎನ್ನುತ್ತಾರೆಂದು ನಮಗೆ ಬಹಳ ದಿನ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅಕ್ಕ ಅದನ್ನು ಕಾಗದ ಎಂದೇ ಕರೆದಳು.

ಎಲ್ಲರಿಗೂ ಒಟ್ಟಿಗೆ ಒಂದೇ ಸಲ ಕಳಿಸಬಹುದು ಕಣಕ್ಕ ಎಂದು ನಾನು ಹೇಳಿದೆ. “ಒಟ್ಗೆ ಕಳ್ಸೋಕೆ ಅದೇನು ಡಂಗೂರವೇನ್ಲಾ? ಒಬ್ಬೊಬ್ರ ಎಸ್ರಿಗೂ ಓಗ್ಬೇಕು” ಎಂದಳು. ಅಂದಿನಿಂದ ಪ್ರತಿ ಮಂಗಳವಾರ ನಾನು ಎಪ್ಪತ್ತು ಚಿಲ್ಲರೆ ಸಲ ಹೆಸರು ಬದಲಾಯಿಸಿ, ಎಪ್ಪತ್ತು ಚಿಲ್ಲರೆ ಸಲ ಗುಂಡಿ ಒತ್ತಿದ್ದೇನೆ. ಅಂಗಡಿಗೆ ಬಂದ ಗಿರಾಕಿಗಳು ಕಾದು ಕಾದು ಪಕ್ಕದ ಅಂಗಡಿಗೆ ಹೋಗಿದ್ದಾರೆ. ಹೆಂಡತಿ ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಬರೆಯುವಾಗ ಅಕ್ಕನ ಮನಸ್ಸಿನಲ್ಲಿ ಎಪ್ಪತ್ತು ಜನ ಇರುತ್ತಿರಲಿಲ್ಲ, ಒಬ್ಬಳೇ ಇರುತ್ತಿದ್ದಳು. ಮಳವಳ್ಳಿಯ ಸಿದ್ದಮ್ಮ. ನಮ್ಮೂರಿಗೆ ಹೆರಿಗೆ ನರ್ಸಾಗಿ ಬಂದು ಹನ್ನೆರಡು ವರ್ಷ ಇದ್ದವಳು. ಅವಳಿಗೆ ಬಾಡಿಗೆಗೆ ಮನೆ ಕೊಡಲು ನಮ್ಮ ಬೀದಿಯಲ್ಲಿ ಯಾರಿಗೂ ಮನಸ್ಸು ಬಾರದ ಕಾಲ ಅದು. ಅಕ್ಕ ದಿನಾ ಮಧ್ಯಾಹ್ನ ಅವಳನ್ನು ಅಂಚೆ ಜಗುಲಿಗೆ ಕರೆದು, ಎದುರು ಬದುರು ಚಾಪೆ ಹಾಕಿ, ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದರು. ಯಾರೂ ಏನೂ ಹೇಳಲಿಲ್ಲ. ಹೇಳಿದರೆ ತಮ್ಮ ಮನಿಯಾರ್ಡರಿನ ಗತಿ ಏನು ಎಂಬ ಭಯ ಇದ್ದಿರಬೇಕು. “ಸಿದ್ದಿ ಏನ್ ಕೇಳ್ತಾಳೋ ಅದ್ನ ಬರೀತೀನಿ. ಮಿಕ್ಕೋರು ಕೇಳಿಸ್ಕೋತಾರೆ” ಎನ್ನುತ್ತಿದ್ದಳು ಅಕ್ಕ. ಆದ್ದರಿಂದ ಅವಳ ಕಾಗದದಲ್ಲಿ ಗ್ರಾಮ ಪಂಚಾಯಿತಿಯ ಸಾಧನೆ ಇರುತ್ತಿರಲಿಲ್ಲ. ನಾಲೆಗೆ ನೀರು ಬಿಟ್ಟರು. ಚಿಕ್ಕರಸಿನಕೆರೆ ಬಸ್ಸು ಈಗ ಹುಣಸೆಮರದ ಹತ್ತಿರ ನಿಲ್ಲುವುದಿಲ್ಲ, ಸ್ಕೂಲಿನ ಹತ್ತಿರ ನಿಲ್ಲುತ್ತದೆ, ಬರುವವರು ಇಳಿದು ಹಿಂದಕ್ಕೆ ನಡೆಯಬೇಡಿ. ಕೆಂಪನ ಎಮ್ಮೆ ಕರ ಹಾಕಿತು, ಹೆಣ್ಣು. ಇಂಥವು.

ತಲೆಬರಹ ಮಾತ್ರ ವಾರವಾರವೂ ಒಂದೇ: ಇತ್ತ ಕ್ಷೇಮ.

ಈಗ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ನಮ್ಮಂಥ ಅಂಗಡಿಯವರು ಯಾವುದನ್ನೂ ಹೊಸದಾಗಿ ಟೈಪ್ ಮಾಡುವುದಿಲ್ಲ. ಬಾಡಿಗೆ ಕರಾರಾಗಲಿ, ಲಗ್ನಪತ್ರಿಕೆಯಾಗಲಿ, ತಿಥಿ ಕಾರ್ಡಾಗಲಿ, ಹಿಂದಿನವರದನ್ನು ತೆಗೆಯುವುದು, ಹೆಸರು ಅಳಿಸುವುದು, ಹೊಸ ಹೆಸರು ತುಂಬುವುದು. ನನ್ನ ಕಂಪ್ಯೂಟರಿನಲ್ಲಿ ತಿಥಿ ಕಾರ್ಡು ಒಂದೇ. ಇಪ್ಪತ್ತು ವರ್ಷದಿಂದ ಸುತ್ತಲ ಹಳ್ಳಿಯವರೆಲ್ಲ ಅದರೊಳಗೇ ಬಂದು ಹೋಗಿದ್ದಾರೆ. ಈ ಪದ್ಧತಿಯಲ್ಲಿ ಕೆಲವೊಮ್ಮೆ ಎಡವಟ್ಟಾಗುತ್ತದೆ. ಒಂದು ಸಲ ಲಗ್ನಪತ್ರಿಕೆಯೊಂದರಲ್ಲಿ ಹಿಂದಿನ ವಾರದ ಮದುಮಗನ ಹೆಸರು ಹಾಗೇ ಉಳಿದುಹೋಯಿತು. ಹುಡುಗಿಯ ತಂದೆ ಕಟ್ಟು ಕಾರ್ಡು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. “ಏನ್ಲಾ ಇದು? ನಾನು ಆರು ತಿಂಗ್ಳು ಅಲ್ದು ಗಂಡು ಉಡಿಕಿದ್ರೆ ನೀನು ಅರ್ಧ ಗಂಟೇಲಿ ಬೇರೆ ಗಂಡು ಮಾಡ್ಬುಟ್ಟಲ್ಲೋ!” ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಪೂರ್ತಿ ಕಟ್ಟನ್ನು ಇನ್ನೊಮ್ಮೆ ಅಚ್ಚು ಹಾಕಿಸಿ ಕೊಟ್ಟೆ. ಅಂದಿನಿಂದ ಹೆಸರನ್ನು ಮೂರು ಮೂರು ಸಲ ನೋಡುತ್ತೇನೆ. ಹೆಸರನ್ನು ಮಾತ್ರ. ಮಿಕ್ಕದ್ದರ ಮೇಲೆ ನನ್ನ ಕಣ್ಣು ನಿಲ್ಲುವುದೇ ಇಲ್ಲ. ಅದು ಆಮೇಲೆ ನನ್ನನ್ನು ತಿಂದಿತು.

ಹೋದ ವರ್ಷ ನಮ್ಮ ಕಾಗದದ ಸಂಗತಿ ಕೇಳಿ ಕಾಲೇಜಿನ ಮೇಷ್ಟರೊಬ್ಬರು ಉಬ್ಬಿಹೋದರು. ಮಂಡ್ಯದಲ್ಲಿ ಒಂದು ಶಿಬಿರ ಇದೆ, ಜನ ಆಸೆಯಿಂದ ತೆರೆದು ಓದುವ ಹಾಗೆ ಇ-ಮೇಲ್ ಬರೆಯುವುದನ್ನು ಕಲಿಸುತ್ತಾರೆ, ಹೋಗಿ ಬನ್ನಿ ಎಂದರು. ಅಕ್ಕನೂ ನಾನೂ ಹೋದೆವು. ಮಹಡಿಯ ಮೇಲೊಂದು ಹಾಲು, ಮಧ್ಯಾಹ್ನಕ್ಕೆ ಅನ್ನ ಸಾರು, ಗೋಡೆಯ ಮೇಲೆ ಬೆಳಕಿನ ಪರದೆ. ಕಲಿಸುವವನಿಗೆ ನಮ್ಮ ಅರ್ಧ ವಯಸ್ಸು. ಕಿವಿಗೊಂದು ಮೈಕು ಸಿಕ್ಕಿಸಿಕೊಂಡು ಹುಲಿಯ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದ. ಎಷ್ಟು ಮಂದಿ ತೆರೆದರು ಎಂಬ ಲೆಕ್ಕವೇ ಅವನಿಗೆ ದೇವರು. ಅದಕ್ಕೆ ಓಪನ್ ರೇಟ್ ಎನ್ನಬೇಕಂತೆ. ಸಬ್ಜೆಕ್ಟ್ ಲೈನಿನಲ್ಲಿ ಒಂದು ಅಂಕಿ ಇರಬೇಕು, ಪ್ರಶ್ನೆ ಇರಬೇಕು, ಓದುವವರ ಹೆಸರಿರಬೇಕು, ಒಂದು ಬೊಂಬೆ ಮುಖ ಇದ್ದರೆ ಇನ್ನೂ ಒಳ್ಳೆಯದು. ನಾನು ಶ್ರದ್ಧೆಯಿಂದ ನೋಟ್ಸು ಬರೆದುಕೊಂಡೆ. ಟೈಪಿಸ್ಟಿನ ಬುದ್ಧಿ, ಯಾರು ಏನು ಹೇಳಿದರೂ ಕೈ ಬರೆಯುತ್ತದೆ.

ಅವನ ಕಣ್ಣು ಅಕ್ಕನ ಮೇಲೆ ಬಿತ್ತು. ಕಾಗದದಲ್ಲಿ ಏನೇನು ಬರೆಯುತ್ತಾಳೆಂದು ಅವಳಿಂದ ಕೇಳಿ ತಿಳಿದುಕೊಂಡ. “ಅಮ್ಮಾ, ನೀವು ಏನು ಸಬ್ಜೆಕ್ಟ್ ಹಾಕ್ತೀರಿ?”

“ಇತ್ತ ಕ್ಷೇಮ” ಎಂದಳು ಅಕ್ಕ.

“ಸರಿ, ಹೋದ ವಾರ ಏನು ಹಾಕಿದ್ರಿ?”

“ಓದ್ ವಾರಾನೂ ಕ್ಷೇಮ್ವಾಗೇ ಇದ್ವಲ್ಲ ಸ್ವಾಮಿ.”

ಹಾಲಿಗೆ ಹಾಲೇ ನಕ್ಕಿತು. ಅವನೂ ನಕ್ಕ. “ನೋಡಿ ಅಮ್ಮಾ, ಒಳಗಿರೋದನ್ನ ಹೊರಗೇ ಹೇಳಿಬಿಟ್ಟರೆ ಯಾರು ಓಪನ್ ಮಾಡ್ತಾರೆ? ಒಂದು ಸಸ್ಪೆನ್ಸ್ ಬೇಕು. ‘ನಿನ್ನೆ ನಿಮ್ಮ ಊರಲ್ಲಿ ಏನಾಯ್ತು ಗೊತ್ತಾ?’ ಅಂತ ಹಾಕಿ. ಬಿದ್ದು ಎದ್ದು ತೆಗೀತಾರೆ.”

“ಏನಾಗಿತ್ತು?”

“ಏನೋ ಒಂದು. ಆಗಲೇ ಹೇಳಿದ್ರಲ್ಲ, ಯಾರದೋ ಎಮ್ಮೆ ಕರು ಹಾಕ್ತು ಅಂತ. ಅದೇ.”

ಅಕ್ಕ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಇನ್ನು ಗ್ರಹಚಾರ ಎಂದುಕೊಂಡೆ. “ಅಲ್ಲಪ್ಪ, ಕೆಂಪನ ಎಮ್ಮೆ ಕರ ಆಕಿದ್ದಕ್ಕೆ ಮೈಸೂರಲ್ಲಿ ಕುಂತಿರೋಳು ಎದೆ ಇಡ್ಕಂಡು ಕಾಗದ ತಗೀಬೇಕಾ? ಅವ್ಳ ತಾಯಿ ನಮ್ಮೂರಲ್ಲವ್ಳೆ, ತೊಂಬತ್ತು ವರ್ಸದ ಮುದ್ಕಿ. ನಿನ್ನೆ ಊರಲ್ಲಿ ಏನಾಯ್ತು ಗೊತ್ತಾ ಅಂದ್ರೆ ಆ ಮಗ ಏನಂದ್ಕತಾಳೆ ಯೋಳು?”

“ಕರೆಕ್ಟ್ ಅಮ್ಮಾ!” ಎಂದು ಅವನು ಚಪ್ಪಾಳೆ ತಟ್ಟಿದ. “ಅದಕ್ಕೇ ಓಪನ್ ಮಾಡ್ತಾರೆ!”

ಅಕ್ಕ ಅವನನ್ನು ಒಂದು ಗಳಿಗೆ ನೋಡಿ ಕೂತುಬಿಟ್ಟಳು. ವಾಪಸು ಬರುವಾಗ ಬಸ್ಸು ಕಬ್ಬಿನ ಲಾರಿಗಳ ಹಿಂದೆ ತೆವಳುತ್ತಿತ್ತು. ಅಕ್ಕ ಅಂದಳು, “ಪಾಪ, ಚೆನ್ನಾಗೇ ಮಾತಾಡ್ತನೆ. ಆದ್ರೆ ಅವ್ನಿಗೆ ಇದುವರ್ಗೂ ಯಾರೂ ಒಂದು ಕಾಗದ ಬರ್ದಿಲ್ಲ ಕಣ್ಲಾ.”

ಶಿಬಿರದಲ್ಲಿ ಹೆಸರು ಬರೆಸಿದ ತಪ್ಪಿಗೆ ಅವನ ಮೇಲುಗಳೂ ಅಕ್ಕನಿಗೆ ಶುರುವಾದವು. ‘ತಾಯಮ್ಮ, ಈ 5 ತಪ್ಪುಗಳನ್ನು ನೀವೂ ಮಾಡುತ್ತಿದ್ದೀರಾ?’ ಮುಂದಿನ ವಾರ ಏಳು ತಪ್ಪು. “ಓದ್ ವಾರ ಐದೇ ಇತ್ತಲ್ಲ ತಮ್ಮಯ್ಯ” ಎಂದಳು ಅಕ್ಕ. “ಕಲ್ತಂಗೆ ಕಲ್ತಂಗೆ ಜಾಸ್ತಿ ಮಾಡ್ತಿದ್ದೀವಿ.” ಇನ್ನೊಬ್ಬ ಉದ್ಧಾರಕ ಪ್ರತಿ ಸೋಮವಾರ ಬದುಕುವುದು ಹೇಗೆಂದು ಬರೆಯುತ್ತಿದ್ದ. ಒಮ್ಮೆ ಅವನ ಮೇಲು ‘ಪ್ರೀತಿಯ ಹೆಸರು ಇಲ್ಲಿ ಬರೆಯಿರಿ’ ಎಂದು ಶುರುವಾಗಿತ್ತು. ಅವನೂ ನಮ್ಮ ಹಾಗೆಯೇ ಹಳೆಯದನ್ನು ತಿದ್ದುವ ಗಿರಾಕಿ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಒಬ್ಬನಾದರೂ ಊರಿಗೆ ಬಸ್ಸು ಎಲ್ಲಿ ನಿಲ್ಲುತ್ತದೆಂದು ಬರೆಯಲಿಲ್ಲ.

ಅಕ್ಕ ಹೋದದ್ದು ಒಂದು ಸೋಮವಾರ ಬೆಳಿಗ್ಗೆ. ಕಾಫಿ ಕುಡಿದು, ಹಾಳೆ ತೆಗೆದು, ಜಗುಲಿಯಲ್ಲಿ ಬರೆಯಲು ಕೂತಿದ್ದಳು. ನನ್ನ ಹೆಂಡತಿ ಲೋಟ ತರಲು ಹೋದಾಗ ಕಂಬಕ್ಕೆ ಒರಗಿ ಕೂತ ಹಾಗೇ ಇದ್ದಳಂತೆ. ಪೆನ್ನು ಕೈಯಲ್ಲೇ ಇತ್ತು. ಹಾಳೆಯಲ್ಲಿ ಆರು ಸಾಲು. ಕೊನೆಯ ಸಾಲು ಹೀಗಿತ್ತು: ‘ಕೆಂಪನ ಎಮ್ಮೆಗೆ ದಿನ ತುಂಬಿದೆ, ಅವನು ಕೊಟ್ಟಿಗೆ ಬಿಟ್ಟು ಕದಲುತ್ತಿಲ್ಲ, ಇವತ್ತೋ ನಾಳೆಯೋ’. ಅಲ್ಲಿಗೆ ನಿಂತಿತ್ತು.

ಹತ್ತಿರದ ನೆಂಟರಿಗೆ ಫೋನು ಹೋಯಿತು. ಮಣ್ಣಾಯಿತು, ಹನ್ನೊಂದನೆಯ ದಿನ ತಿಥಿಯೂ ಆಯಿತು. ತಿಥಿ ಕಾರ್ಡನ್ನು ಮಾತ್ರ ನನ್ನ ಅಂಗಡಿಯಲ್ಲಿ ಮಾಡಲು ನನ್ನಿಂದಾಗಲಿಲ್ಲ. ಯಾರದೋ ಹೆಸರು ಅಳಿಸಿ ಆ ಜಾಗದಲ್ಲಿ ಅಕ್ಕನ ಹೆಸರು ತುಂಬಬೇಕಲ್ಲ. ಮದ್ದೂರಿನಲ್ಲಿ ಮಾಡಿಸಿದೆ. ಅವನೂ ಹಾಗೇ ಮಾಡಿರುತ್ತಾನೆ, ನಾನು ನೋಡಲಿಲ್ಲ, ಅಷ್ಟೇ.

ಕಾಗದದವರಿಗೆ ಹೇಳಬೇಕಿತ್ತು. ಅದರಲ್ಲೂ ಸಿದ್ದಮ್ಮನಿಗೆ. ಅಕ್ಕ ಹೋದ ದಿನವೇ ಮಳವಳ್ಳಿಗೆ ಫೋನು ಮಾಡಿದ್ದೆ. ಅವಳ ಮಗಳು ತೆಗೆದಳು. “ಅಮ್ಮಂಗೆ ಸೊಂಟದ ಆಪರೇಷನ್ ಆಗಿ ನಾಲ್ಕು ದಿನ ಆಗದೆ ಮಾವ. ಈಗ ಯೋಳ್ಬೇಡಿ, ತಡ್ಕಳಲ್ಲ. ವಸಿ ಎದ್ದು ಓಡಾಡ್ಲಿ” ಎಂದು ಅತ್ತಳು. ಸರಿಯಮ್ಮ ಎಂದೆ. ಅದೇ ನನಗೊಂದು ನೆಪವಾಯಿತು. ಅವಳಿಗೆ ಗೊತ್ತಾಗದ ಹಾಗೆ ಮಿಕ್ಕವರಿಗೆ ಹೇಗೆ ಬರೆಯಲಿ ಎಂದುಕೊಂಡು ಒಂದು ಮಂಗಳವಾರ ಬಿಟ್ಟೆ. ಇನ್ನೊಂದು ಬಿಟ್ಟೆ. ಹೀಗೆ ಐದು. ಊರಿನಲ್ಲಿ ನೆಂಟರಿದ್ದವರಿಗೆ ಸುದ್ದಿ ಹೇಗೋ ಮುಟ್ಟಿತ್ತು, ಊರಿನ ನಂಟು ತಪ್ಪಿದವರಿಂದ ಫೋನುಗಳು ಬರತೊಡಗಿದವು. ಯಾಕೆ ಕಾಗದ ಇಲ್ಲ, ತಾಯಕ್ಕ ಹುಷಾರಾಗವ್ಳಾ ಎಂದು ಕೇಳುತ್ತಿದ್ದರು. ಕರೆಂಟಿಲ್ಲ, ಕಂಪ್ಯೂಟರು ಕೆಟ್ಟಿದೆ ಎಂದು ಏನೇನೋ ಸುಳ್ಳು ಹೇಳಿದೆ. ಐದನೆಯ ವಾರ ಸಿದ್ದಮ್ಮನ ಮಗಳೇ ಫೋನು ಮಾಡಿ, “ಅಮ್ಮ ಈಗ ಕೋಲು ಇಡ್ಕಂಡು ಓಡಾಡ್ತವ್ರೆ. ನಂಗೆ ಯೋಳೋಕೆ ಬಾಯಿ ಬತ್ತಿಲ್ಲ. ನೀವೇ ಬರ್ದುಬುಡಿ ಮಾವ” ಎಂದಳು.

ಬರೆಯಲು ಕೂತೆ. ನನ್ನ ಜೀವನದಲ್ಲಿ ಬೇರೆಯವರ ಮಾತನ್ನು ಟೈಪ್ ಮಾಡಿದ್ದೇನೆಯೇ ಹೊರತು ಸ್ವಂತ ಒಂದು ಸಾಲು ಬರೆದವನಲ್ಲ. ಏನೂ ತೋಚದೆ, ನಾಚಿಕೆಯ ಮಾತು ಹೇಳುತ್ತೇನೆ, ಮಂಡ್ಯದ ಶಿಬಿರದ ನೋಟ್ಸು ತೆಗೆದೆ. ಹೆಸರಿರಬೇಕು, ಕುತೂಹಲ ಇರಬೇಕು. ‘ತಾಯಮ್ಮನವರ ಬಗ್ಗೆ ಒಂದು ಮುಖ್ಯ ಸುದ್ದಿ’ ಎಂದು ಬರೆದೆ. ಹೊಡೆದು ಹಾಕಿ ‘ಐದು ವಾರದಿಂದ ಕಾಗದ ಯಾಕೆ ಬರಲಿಲ್ಲ ಗೊತ್ತೆ?’ ಎಂದು ಬರೆದೆ. ಬರೆದದ್ದನ್ನು ಓದಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಒಡಹುಟ್ಟಿದವಳ ಸಾವಿಗೆ ಸಸ್ಪೆನ್ಸು ಕಟ್ಟುತ್ತಿದ್ದೆ. ಆ ಮೈಕಿನವನನ್ನು ಇಷ್ಟು ದಿನ ಬೈದ ನಾನು ಅವನಿಗಿಂತ ಯಾವ ಲೆಕ್ಕದಲ್ಲಿ ಮೇಲು? ನೋಟ್ಸನ್ನು ಹರಿದು ಬುಟ್ಟಿಗೆ ಹಾಕಿದೆ. ಮೂರೇ ಸಾಲು ಬರೆದೆ: ‘ನಮ್ಮ ಅಕ್ಕ ತೀರಿಕೊಂಡಳು. ಕಷ್ಟಪಡಲಿಲ್ಲ. ಅವಳು ಕೊನೆಗೆ ನಿಮಗೆ ಬರೆಯುತ್ತಿದ್ದದ್ದು ಕೆಳಗಿದೆ.’ ಅದರಡಿಯಲ್ಲಿ ಅವಳ ಆರು ಸಾಲನ್ನು, ಕೊನೆಗೆ ಚುಕ್ಕಿ ಕೂಡ ಇಡದೆ, ಇದ್ದ ಹಾಗೇ ಟೈಪ್ ಮಾಡಿದೆ.

ಮಂಗಳವಾರ ಬೆಳಿಗ್ಗೆ ಕಳಿಸತೊಡಗಿದೆ. ಅಕ್ಕನ ಕಟ್ಟಳೆಯಂತೆ ಒಬ್ಬೊಬ್ಬರಿಗೂ ಬೇರೆ ಬೇರೆ. ಹಿಂದಿನ ಕಾಗದ ತೆಗೆಯುವುದು, ಒಳಗಿನದನ್ನು ಅಳಿಸುವುದು, ಹೊಸದನ್ನು ತುಂಬುವುದು, ಹೆಸರನ್ನು ಮೂರು ಸಲ ನೋಡುವುದು, ಗುಂಡಿ ಒತ್ತುವುದು. ಎಪ್ಪತ್ತು ಚಿಲ್ಲರೆ ಸಲ ಅಕ್ಕ ಸತ್ತಳು. ಮುಗಿಸಿ ನೀರು ಕುಡಿಯುತ್ತಿದ್ದೆ, ನಿಂಗಣ್ಣ ಕಂಡಕ್ಟರ ಫೋನು ಬಂತು.

“ಲೇ ತಮ್ಮಯ್ಯ, ಸತ್ತೋರ ಕಾಗದದ ಮ್ಯಾಲೆ ಇತ್ತ ಕ್ಷೇಮ ಅಂತ ಬರೀತಾರೇನ್ಲಾ?”

ಕಂಪ್ಯೂಟರಿನ ಕಡೆ ತಿರುಗಿ ನೋಡಿದೆ. ಒಳಗಿನದೆಲ್ಲ ಅಳಿಸಿದ್ದೆ. ಮೇಲಿನದು ಹಾಗೇ ಇತ್ತು. ಒಬ್ಬರಿಗಲ್ಲ, ಎಲ್ಲರಿಗೂ. ಮೂಲೆ ಹರಿದ ಕಾರ್ಡನ್ನು ತೊಡೆಯಡಿ ಬಚ್ಚಿಟ್ಟುಕೊಳ್ಳುತ್ತಿದ್ದವಳ ಸಾವನ್ನು ಅವಳ ತಮ್ಮ ಇತ್ತ ಕ್ಷೇಮ ಎಂದು ಸಾರಿದ್ದ.

“ತಪ್ಪಾಯ್ತು ನಿಂಗಣ್ಣ” ಎಂದೆ.

ಅವನ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. “ಐದು ವಾರದಿಂದ ಏನಾಗದೋ ಅಂತ ಎದ್ರುಕೊಂಡಿದ್ದೆ ಕಣ್ಲಾ” ಎಂದ. “ಬೆಳಿಗ್ಗೆ ಅದ್ನ ನೋಡ್ದೇಟ್ಗೆ, ಸದ್ಯ ಬುಡಪ್ಪ, ಅವ್ಳೆ ಅಂತ ಎಂಡ್ರನ್ನ ಕೂಗ್ದೆ. ಓದೋಕೆ ಕನ್ನಡ್ಕ ಬೇಕಲ್ಲ, ತರೋಕೆ ಒಳೀಕೆ ಓದ್ಲು. ಅವ್ಳು ತರೋಗಂಟ ನಿಮ್ಮಕ್ಕ ಇದ್ಲು ಕಣ್ಲಾ.” ಫೋನು ಇಟ್ಟುಬಿಟ್ಟ.

ಅವತ್ತು ಅಂಗಡಿಗೆ ಬಾಗಿಲು ಹಾಕಿದೆ. ಮಿಕ್ಕವರಿಗೆ ಹೇಗಾದರೂ ಮುಖ ತೋರಿಸಬಹುದು, ಸಿದ್ದಮ್ಮನಿಗೆ ಏನೆಂದು ಹೇಳಲಿ? ಮುಂದಿನ ಸೋಮವಾರ ಧೈರ್ಯ ತಂದುಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿದೆ. ಒಂದೂ ಸರಿಹೋಗಲಿಲ್ಲ.

ಸಿದ್ದಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೋಲು ಪಕ್ಕದಲ್ಲಿತ್ತು, ಹಿಂದಿನ ಗೋಡೆಯಲ್ಲಿ ಬುದ್ಧನ ಪಟ. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ಅಳಲೂ ಇಲ್ಲ. “ಬಾ ಮಗ, ಕುಂತ್ಕೊ. ಉಂಡ್ಯಾ?” ಎಂದಳು.

“ನರ್ಸಮ್ಮ, ಕಾಗದದ ಮೇಲೆ ನಾನು…”

“ನಂಗೆ ಆಗ್ಲೇ ಗೊತ್ತಾಗಿತ್ತು ಬುಡು. ಎರಡು ಮಂಗಳವಾರ ಬರ್ಲಿಲ್ಲವಲ್ಲ, ಅವತ್ತೇ ಗೊತ್ತಾಯ್ತು. ತಾಯಿ ಮಂಗಳವಾರ ತಪ್ಪಿಸೋಳಾ? ಮಗಳು ಎದ್ರುಕೊಂಡು ಓಡಾಡ್ತಿದ್ಲು, ಪಾಪ ಅಂತ ಗೊತ್ತಿಲ್ದಂಗಿದ್ದೆ.” ಸೆರಗಿನ ಮರೆಯಿಂದ ಫೋನು ತೆಗೆದು ನನ್ನ ಮುಂದೆ ಹಿಡಿದಳು. ಅಕ್ಕನ ಕಾಗದಗಳು ಒಂದರ ಕೆಳಗೊಂದು ಸಾಲಾಗಿದ್ದವು. ಇತ್ತ ಕ್ಷೇಮ, ಇತ್ತ ಕ್ಷೇಮ, ಇತ್ತ ಕ್ಷೇಮ. ಓದಿದವೆಲ್ಲ ತೆಳುವಾಗಿದ್ದವು. ಎಲ್ಲಕ್ಕೂ ಮೇಲಿನದೊಂದು ಮಾತ್ರ ಇನ್ನೂ ದಪ್ಪ ಕಪ್ಪು ಅಕ್ಷರದಲ್ಲಿತ್ತು. ಅವಳು ಅದನ್ನು ತೆರೆದಿರಲಿಲ್ಲ.

“ಅದರೊಳಗೆ ಅಕ್ಕ ಕೊನೇಲಿ ಬರೆದದ್ದು ಇದೆ ನರ್ಸಮ್ಮ. ಅವಳ ಕೈಯಲ್ಲೇ ಬರೆದದ್ದು. ಓದಿ.”

“ಗೊತ್ತು ಕಣಪ್ಪ. ನೀನು ಅಂಗೇ ಕಳ್ಸಿರ್ತೀಯ ಅಂತ ಗೊತ್ತು.” ಅವಳು ಫೋನನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡಳು. “ಅದ್ಕೇ ತೆಗ್ದಿಲ್ಲ. ತೆಗ್ದ್ರೆ ಮುಗೀತದೆ. ಇರ್ಲಿ, ಅವ್ಳದು ಒಂದು ಓದೋದು ಬಾಕಿ ಅದೆ ಅಂತ ಇರ್ಲಿ.”

ಮಂಡ್ಯದ ಆ ಮೈಕಿನವನ ಲೆಕ್ಕದಲ್ಲಿ ನನ್ನ ಕಾಗದ ಒಂದು ಕಡೆ ಸೋತಿತ್ತು. ಎಪ್ಪತ್ತು ಚಿಲ್ಲರೆ ಜನರಲ್ಲಿ ಒಬ್ಬಳು ತೆರೆಯಲಿಲ್ಲ. ಅವನನ್ನು ಕರೆದು ತಂದು ಆ ಬಾಗಿಲಲ್ಲಿ ಐದು ನಿಮಿಷ ನಿಲ್ಲಿಸಬೇಕೆನ್ನಿಸಿತು. ಬಂದರೂ ಏನು, ಮರುದಿನವೇ ಇನ್ನೊಂದು ಮೇಲ್ ಕಳಿಸಿರುತ್ತಿದ್ದ. ‘ಸಿದ್ದಮ್ಮ, ನೀವಿನ್ನೂ ಓದಿಲ್ಲ!’

ಊಟ ಮಾಡಿಸಿದಳು. ಹೊರಟು ನಿಂತಾಗ ಕೋಲು ಊರಿ ಬೀದಿಯವರೆಗೂ ಬಂದಳು. “ಒಳ್ಗೆ ಏನದೆ ಅಂತ ಯೋಳ್ಬೇಡ” ಎಂದಳು. “ಒಂದು ಮಾತ್ರ ಯೋಳು. ಅದರ ಇಂದ್ಲ ಕಾಗದ್ದಲ್ಲಿ ಕೆಂಪನ ಎಮ್ಮೆಗೆ ದಿನ ತುಂಬ್ತಾ ಬಂತು ಅಂತ ಬರ್ದಿದ್ಲು. ಕರ ಆಕ್ತಾ?”

“ಹಾಕ್ತು ನರ್ಸಮ್ಮ. ಆಗಲೇ, ತಿಥಿಗೆ ಮುಂಚೆಯೇ. ಮತ್ತೆ ಹೆಣ್ಣು ಕರ.”

“ಎಮ್ಮೆ ಉಸಾರಾಗದಾ?”

“ಹುಷಾರಾಗಿದೆ. ಹಾಲೂ ಚೆನ್ನಾಗಿದೆ.”

ಅವಳ ಹೆಗಲು ಒಂದಿಂಚು ಕೆಳಗಿಳಿಯಿತು. ಆಮೇಲೆ ಕೋಲೆತ್ತಿ ನನ್ನ ಮೊಣಕಾಲಿಗೆ ಮೆಲ್ಲಗೆ ತಟ್ಟಿದಳು.

“ಮತ್ತೆ ಅದ್ನ ಯಾಕ್ಲಾ ಬರೀಲಿಲ್ಲ ನೀನು? ಇಷ್ಟು ದಿನ ಕಾಯ್ಕಂಡು ಕುಂತಿದ್ದೀನಿ.”